ಪ್ರಯೋಗಾಲಯದ ವರದಿ ನ್ಯಾಯಾಲಯಕ್ಕೆ ಬಂದಾಗ: ತಜ್ಞರ ಮಾತನ್ನು ನ್ಯಾಯಾಧೀಶರು ಹೇಗೆ ತೂಗುತ್ತಾರೆ?

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಭಾಗದ ನಮ್ಮ ಕನ್ನಡ ಕುಟುಂಬಗಳು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದಾಗ ಒಟ್ಟಿಗೇ ಮೂರು ಭಾಷೆಗಳನ್ನು ಎದುರಿಸಬೇಕಾಗುತ್ತದೆ. ಮನೆಯಲ್ಲಿಯೂ ಮಕ್ಕಳ ಶಾಲೆಯಲ್ಲಿಯೂ ಕನ್ನಡ, ಠಾಣೆಯಲ್ಲಿ, ಕಚೇರಿಯಲ್ಲಿ ತೆಲುಗು, ಕಡತದೊಳಗೆ ಇಂಗ್ಲಿಷ್. ಈಗ ಇವುಗಳ ಮೇಲೆ ನಾಲ್ಕನೆಯದೊಂದು ಬಂದು ಕುಳಿತಿದೆ. ಅದು ಪ್ರಯೋಗಾಲಯದ ಭಾಷೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 176ರ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಗೆ ಗುರಿಯಾಗುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಘಟನಾ ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಪೂರ್ಣವಾಗಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶ ನೀಡಲಾಗಿದೆ. ಆದ್ದರಿಂದ ಮುಂದಿನ ದಿನಗಳಲ್ಲಿ ರಕ್ತ, ಬೆರಳಚ್ಚು, ಡಿಎನ್‌ಎ, ಮೊಬೈಲ್ ದಾಖಲೆಗಳ ವರದಿಗಳು ನಮ್ಮ ಭಾಗದ ಮೊಕದ್ದಮೆಗಳಲ್ಲಿಯೂ ಹೆಚ್ಚಲಿವೆ. ಅವುಗಳನ್ನು ಓದಿ ತೀರ್ಪು ನೀಡುವವರು ಯಾರು, ಹೇಗೆ ಓದುತ್ತಾರೆ ಎಂಬುದನ್ನು ತಿಳಿದಿರುವುದು ಅಗತ್ಯವೆಂದು ನಮಗೆ ತೋರುತ್ತದೆ.

ಚಲನಚಿತ್ರಗಳಲ್ಲಿ ಕಾಣುವ ಹನ್ನೆರಡು ಮಂದಿಯ ಜ್ಯೂರಿ ನಮ್ಮ ದೇಶದಲ್ಲಿ ಇಂದು ಇಲ್ಲ. 1959ರಲ್ಲಿ ಮುಂಬಯಿಯ ನಾನಾವತಿ ಕೊಲೆ ಮೊಕದ್ದಮೆಯಲ್ಲಿ ಒಂಬತ್ತು ಮಂದಿ ಪಂಚರ ಪೈಕಿ ಎಂಟು ಮಂದಿ ಆರೋಪಿ ನಿರಪರಾಧಿ ಎಂದರು. ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳುಹಿಸಿದರು, ಅಲ್ಲಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವೇ ಉಳಿಯಲಿಲ್ಲ. ಹೀಗಾಗಿ ವಿಜ್ಞಾನದ ಸಾಕ್ಷ್ಯವನ್ನು ತೂಗುವ ಹೊಣೆ ನ್ಯಾಯಾಧೀಶರೊಬ್ಬರ ಮೇಲೆಯೇ ಬೀಳುತ್ತದೆ. ಅವರು ಕಾನೂನು ಬಲ್ಲವರು. ರಸಾಯನಶಾಸ್ತ್ರದಲ್ಲಿ ಅವರೂ ನಮ್ಮಂತೆ ಸಾಮಾನ್ಯ ಓದುಗರೇ.

ಕಾನೂನು ಇದನ್ನು ಬಲ್ಲದು. ಹಳೆಯ ಸಾಕ್ಷ್ಯ ಕಾಯಿದೆಯ ಕಲಂ 45, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 39, ತಜ್ಞರ ಮಾತನ್ನು 'ಅಭಿಪ್ರಾಯ' ಎಂದೇ ಕರೆಯುತ್ತದೆ. ಕಣ್ಣಾರೆ ಕಂಡವನು ಸಂಗತಿಯನ್ನು ಹೇಳುತ್ತಾನೆ. ತಜ್ಞರು ತಮ್ಮ ವಿದ್ಯೆಯಿಂದ ತಲುಪಿದ ಅಭಿಪ್ರಾಯವನ್ನು ಹೇಳುತ್ತಾರೆ. 1999ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಹಿಮಾಚಲ ಪ್ರದೇಶದ ಮೊಕದ್ದಮೆಯೊಂದನ್ನು ರೈತ ಕುಟುಂಬಗಳು ಗಮನಿಸಬೇಕು. ಅಲ್ಲಿ ಸೇಬಿಗೆ ರೋಗ ತಗುಲಿದಾಗ ಸರ್ಕಾರ ಪರಿಹಾರ ನೀಡಿತ್ತು. ಕೆಲವರು ತಮ್ಮ ತೋಟದಲ್ಲಿ ಬೆಳೆಯಲಾಗದಷ್ಟು ಹಣ್ಣಿನ ಲೆಕ್ಕ ಕೊಟ್ಟರೆಂಬ ಆರೋಪ ಬಂತು. ತೋಟದ ಇಳುವರಿ ಎಷ್ಟಿರಬಹುದೆಂದು ಅಂದಾಜು ಮಾಡಿದ್ದ ತೋಟಗಾರಿಕೆ ಅಧಿಕಾರಿಯನ್ನು ಆ ವಿಷಯದಲ್ಲಿ ತಜ್ಞರೆಂದು ಸ್ವೀಕರಿಸಲು ನ್ಯಾಯಾಲಯ ಒಪ್ಪಲಿಲ್ಲ. ಹುದ್ದೆಯಿದ್ದ ಮಾತ್ರಕ್ಕೆ ಸಾಲದು. ಅದೇ ಕೆಲಸದಲ್ಲಿ ವಿಶೇಷ ಅಧ್ಯಯನ, ಅನುಭವ ಬೇಕು. ಅಭಿಪ್ರಾಯಕ್ಕೆ ಆಧಾರವೇನೆಂದು ನ್ಯಾಯಾಧೀಶರಿಗೆ ತಿಳಿಯುವಂತೆ ವಿವರಿಸಬೇಕು ಎಂಬುದು ಆ ತೀರ್ಪಿನ ತಿರುಳು.

ಆಧಾರವನ್ನು ಕೇಳದೆ ಯಂತ್ರವನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡ ನಾಡಿನದೇ ನಿದರ್ಶನವಿದೆ. 2000ದ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಾದ್ಯಂತ ಹೆಸರಾಗಿತ್ತು. ಔಷಧಿ ಕೊಟ್ಟು ಅರೆಪ್ರಜ್ಞೆಯಲ್ಲಿ ಮಾತನಾಡಿಸುವುದು, ಸುಳ್ಳು ಪತ್ತೆ ಯಂತ್ರ, ತಲೆಗೆ ತಂತಿ ಜೋಡಿಸಿ ನಡೆಸುವ ಬ್ರೈನ್ ಮ್ಯಾಪಿಂಗ್ ಇವೆಲ್ಲ ದೂರದರ್ಶನದ ಸುದ್ದಿಯಾಗಿದ್ದವು. ಬ್ರೈನ್ ಮ್ಯಾಪಿಂಗ್‌ನ ಒಂದು ವಿಧಾನವನ್ನು ರೂಪಿಸಿದವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸೇವೆ ಸಲ್ಲಿಸಿದ್ದ ಮನೋವಿಜ್ಞಾನಿ ಸಿ. ಆರ್. ಮುಕುಂದನ್. 2008ರ ಜೂನ್‌ನಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಮೊಕದ್ದಮೆಯ ತೀರ್ಪಿನಲ್ಲಿ ಈ ಪರೀಕ್ಷೆಯ ಫಲಿತಾಂಶವನ್ನೂ ಆಧಾರವಾಗಿ ಬಳಸಿತು. ಅದೇ ವರ್ಷ, ಅದೇ ನಿಮ್ಹಾನ್ಸ್‌ನ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜ ಅವರ ನೇತೃತ್ವದ ಸಮಿತಿಯು ಇಂಥ ಪರೀಕ್ಷೆಗೆ ವೈಜ್ಞಾನಿಕ ತಳಹದಿ ಸಾಲದೆಂದು ಹೇಳಿತು. ಒಂದೇ ಸಂಸ್ಥೆಯ ನಂಟುಳ್ಳ ಇಬ್ಬರು ವಿದ್ವಾಂಸರು ಎರಡು ಕಡೆ ನಿಂತಾಗ, ಜಿಲ್ಲಾ ನ್ಯಾಯಾಧೀಶರು ಯಾವ ಮಾನದಂಡದಿಂದ ತೀರ್ಮಾನಿಸಬೇಕು?

ಉತ್ತರ ಬಂದದ್ದು 2010ರ ಮೇ 5ರಂದು, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಮೊಕದ್ದಮೆಯಲ್ಲಿ. ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರಿದ್ದ ಮೂವರು ನ್ಯಾಯಮೂರ್ತಿಗಳ ಪೀಠವು, ಒಪ್ಪಿಗೆಯಿಲ್ಲದೆ ಯಾರ ಮೇಲೂ ಈ ಮೂರು ಪರೀಕ್ಷೆಗಳನ್ನು ನಡೆಸಕೂಡದೆಂದು ತೀರ್ಪಿತ್ತಿತು. ಒಪ್ಪಿಗೆಯಿಂದ ನಡೆದರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗದು. ಯಂತ್ರ ತೋರಿಸುವುದು ಮೈಯಲ್ಲಾಗುವ ಬದಲಾವಣೆಯನ್ನು. ಅದನ್ನು ಸುಳ್ಳೆಂದೋ ನೆನಪೆಂದೋ ಓದುವವರು ಮನುಷ್ಯರು. ಠಾಣೆಯಲ್ಲಿ "ಪರೀಕ್ಷೆಗೆ ಒಪ್ಪಿಕೋ, ನಿರಪರಾಧಿಯಾದರೆ ಭಯವೇಕೆ" ಎಂದು ಯಾರಾದರೂ ಹೇಳಿದರೆ, ಒಪ್ಪದಿರುವ ಹಕ್ಕು ಈ ತೀರ್ಪಿನಿಂದ ಬಂದದ್ದೆಂದು ನೆನಪಿರಲಿ. ಬೆರಳಚ್ಚು, ರಕ್ತದ ಮಾದರಿಯ ವಿಷಯ ಬೇರೆ. ಅವುಗಳನ್ನು ಕಾನೂನಿನ ಕ್ರಮದಂತೆ ಪಡೆಯಬಹುದು.

ಡಿಎನ್‌ಎ ಗಟ್ಟಿಯಾದ ವಿಜ್ಞಾನ. ನಮ್ಮ ದೇಶದಲ್ಲಿ ಅದು ಬೆಳೆದದ್ದು ನಮ್ಮ ರಾಜಧಾನಿ ಹೈದರಾಬಾದಿನಲ್ಲಿಯೇ, ಸಿಸಿಎಂಬಿ ಸಂಸ್ಥೆಯ ಡಾ. ಲಾಲ್‌ಜಿ ಸಿಂಗ್ ಅವರ ಕೈಯಲ್ಲಿ. ಆದರೆ ಗಟ್ಟಿ ವಿಜ್ಞಾನವೂ ಮುದ್ದೆಮಾಲು ಕೋಣೆಯಲ್ಲಿ ಸಡಿಲವಾಗಬಹುದು. ದೆಹಲಿಯ ಛಾವ್ಲಾ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಮೂವರನ್ನು ಸುಪ್ರೀಂ ಕೋರ್ಟ್ 2022ರ ನವೆಂಬರ್ 7ರಂದು ಬಿಡುಗಡೆ ಮಾಡಿತು. 2012ರ ಫೆಬ್ರವರಿ 14 ಮತ್ತು 16ರಂದು ವಶಪಡಿಸಿಕೊಂಡ ಮಾದರಿಗಳು ಪ್ರಯೋಗಾಲಯಕ್ಕೆ ಹೋದದ್ದು 27ರಂದು. ಅಲ್ಲಿಯವರೆಗೆ ಅವು ಠಾಣೆಯಲ್ಲಿಯೇ ಇದ್ದವು. ವರದಿಯ ತಳಹದಿಯನ್ನಾಗಲಿ, ತಜ್ಞರು ವಿಧಾನವನ್ನು ಸರಿಯಾಗಿ ಅನುಸರಿಸಿದರೇ ಎಂಬುದನ್ನಾಗಲಿ ಕೆಳಗಿನ ನ್ಯಾಯಾಲಯಗಳು ಪರಿಶೀಲಿಸಿರಲಿಲ್ಲ. ಆ ಬಿಡುಗಡೆಯಿಂದ ಸಂತ್ರಸ್ತೆಯ ಕುಟುಂಬಕ್ಕಾದ ನೋವು ಸಣ್ಣದಲ್ಲ. ತನಿಖೆಯ ಅಲಕ್ಷ್ಯ ಆರೋಪಿಗೆ ಮಾತ್ರವಲ್ಲ, ನೊಂದವರಿಗೂ ಅನ್ಯಾಯ ಮಾಡುತ್ತದೆ.

ಅಂಕಿಗಳು ಇನ್ನೊಂದು ಬಲೆ. 1999ರಲ್ಲಿ ಇಂಗ್ಲೆಂಡಿನಲ್ಲಿ ಸ್ಯಾಲಿ ಕ್ಲಾರ್ಕ್ ಎಂಬ ತಾಯಿ ತನ್ನ ಎರಡು ಹಸುಗೂಸುಗಳನ್ನು ಕೊಂದಳೆಂದು ಜ್ಯೂರಿ ನಂಬಿತು. ಇಂಥ ಕುಟುಂಬದಲ್ಲಿ ಒಂದು ಮಗು ಕಾರಣವಿಲ್ಲದೆ ಸಾಯುವ ಸಂಭವ 8,543ರಲ್ಲಿ ಒಂದು, ಆದ್ದರಿಂದ ಎರಡು ಮಕ್ಕಳು ಸಾಯುವ ಸಂಭವ ಸುಮಾರು 7.3 ಕೋಟಿಯಲ್ಲಿ ಒಂದು ಎಂದು ವೈದ್ಯ ತಜ್ಞರು ಹೇಳಿದ್ದರು. ಒಂದೇ ಮನೆಯ ಮಕ್ಕಳಿಗೆ ವಂಶದ ದೋಷ ಸಮಾನವಾಗಿರಬಹುದು. ಹಾಗಿರುವಾಗ ಎರಡು ಸಾವುಗಳನ್ನು ಬೇರೆಬೇರೆ ಎಂದೆಣಿಸಿ ಗುಣಿಸುವುದೇ ತಪ್ಪು. ಜೊತೆಗೆ, ಅಪರೂಪವಾದದ್ದು ನಡೆದಿದೆ ಎಂದರೆ ಅದು ಅಪರಾಧ ಎಂದಾಗುವುದಿಲ್ಲ. 2003ರಲ್ಲಿ ಆ ಶಿಕ್ಷೆ ರದ್ದಾಯಿತು. ಇದೇ ಎಚ್ಚರ ನಮ್ಮ ರಕ್ತದ ವರದಿಗಳಿಗೂ ಬೇಕು. ಕುಡುಗೋಲಿನ ಮೇಲಿನ ರಕ್ತ 'ಓ' ಗುಂಪಿನದು, ಮೃತರದೂ 'ಓ' ಎಂದ ಮಾತ್ರಕ್ಕೆ ಅದು ಮೃತರದೇ ಎಂದಾಗದು. 'ಓ' ಗುಂಪಿನವರು ನಮ್ಮ ಪ್ರತಿ ಬೀದಿಯಲ್ಲಿಯೂ ಇದ್ದಾರೆ.

ಕೊಲೆ ಮೊಕದ್ದಮೆಗಳು ನಮ್ಮ ಹೆಚ್ಚಿನ ಓದುಗರಿಗೆ ದೂರದ ಮಾತು. ಬೀಜದ ವರದಿ ಹಾಗಲ್ಲ. ಹತ್ತಿ ಬೀಜೋತ್ಪಾದನೆಗೆ ಹೆಸರಾದ ಗದ್ವಾಲ್ ಸೀಮೆಯಲ್ಲಿ ಮೊಳಕೆಯೊಡೆಯದ ಬೀಜದ ತಕರಾರು ಯಾವ ಮನೆಯ ಬಾಗಿಲಿಗೂ ಬರಬಹುದು. 1966ರ ಬೀಜ ಕಾಯಿದೆಯಂತೆ ನಿರೀಕ್ಷಕರು ಮಾದರಿಯನ್ನು ಮೂರು ಪಾಲು ಮಾಡಬೇಕು: ಒಂದು ಮಾರಾಟಗಾರರಿಗೆ, ಒಂದು ಬೀಜ ವಿಶ್ಲೇಷಕರಿಗೆ, ಒಂದು ತಮ್ಮಲ್ಲಿ. ವಿಶ್ಲೇಷಕರ ವರದಿಯ ಮೇಲೆ ಮೊಕದ್ದಮೆ ಹೂಡಿದ ಬಳಿಕ, ಆರೋಪಿ ಮಾರಾಟಗಾರರಾಗಲಿ ದೂರುದಾರರಾಗಲಿ ಶುಲ್ಕ ಕಟ್ಟಿ, ಉಳಿದ ಮಾದರಿಯನ್ನು ಕೇಂದ್ರ ಬೀಜ ಪ್ರಯೋಗಾಲಯಕ್ಕೆ ಕಳುಹಿಸುವಂತೆ ನ್ಯಾಯಾಲಯವನ್ನು ಕೇಳಬಹುದು. ಎರಡನೆಯ ವರದಿ ಬಂದರೆ ಮೊದಲನೆಯದು ಬದಿಗೆ ಸರಿಯುತ್ತದೆ. ತಜ್ಞರೂ ತಪ್ಪಬಹುದೆಂದು ಶಾಸನವೇ ಒಪ್ಪಿಕೊಂಡಿರುವುದು ಹೀಗೆ.

ಆದರೆ ತಂದ ಬೀಜವನ್ನೆಲ್ಲ ಬಿತ್ತಿದ ರೈತ ಪರೀಕ್ಷೆಗೆ ಮಾದರಿಯನ್ನು ಎಲ್ಲಿಂದ ತರಬೇಕು? ಅಂದಿನ ಆಂಧ್ರಪ್ರದೇಶದ ರೈತರ ಮೊಕದ್ದಮೆಯಲ್ಲಿ, ರಾಷ್ಟ್ರೀಯ ಬೀಜ ನಿಗಮ ವಿರುದ್ಧ ಮಧುಸೂದನ ರೆಡ್ಡಿ ಎಂಬ 2012ರ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಇದೇ ಪ್ರಶ್ನೆಯನ್ನು ಎದುರಿಸಿತು. ಬೀಜ ಕೊಂಡ ರೈತನೂ ಗ್ರಾಹಕನೇ. ಮುಂದೆ ಪರೀಕ್ಷೆ ಬೇಕಾದೀತೆಂದು ಬೀಜ ತೆಗೆದಿಡಬೇಕೆಂದು ಅವನಿಂದ ನಿರೀಕ್ಷಿಸಲಾಗದು ಎಂದು ಅದು ಹೇಳಿತು. ಹೊಲಕ್ಕೆ ಬಂದು ಬೆಳೆ ನೋಡಿದವರ ವರದಿಗಳಿಗೂ ಬೆಲೆ ದೊರೆಯಿತು. ಚೀಲ, ರಸೀದಿ, ಲಾಟ್ ಸಂಖ್ಯೆಯ ಚೀಟಿಗಳನ್ನು ಸುಗ್ಗಿ ಮುಗಿಯುವವರೆಗೆ ಎಸೆಯಬೇಡಿ. ಬೆಳೆ ಕೆಟ್ಟರೆ ಅದನ್ನು ಕೀಳುವ ಮೊದಲು ಕೃಷಿ ಅಧಿಕಾರಿಗೆ ಲಿಖಿತವಾಗಿ ತಿಳಿಸಿ.

ಕೊನೆಯದಾಗಿ ಮೊದಲು ಹೇಳಿದ ಭಾಷೆಯ ಪ್ರಶ್ನೆ. ಸರ್ಕಾರಿ ಪ್ರಯೋಗಾಲಯದ ಹಲವು ವರದಿಗಳನ್ನು, ಬರೆದ ತಜ್ಞರನ್ನು ಕರೆಸದೆಯೇ ಸಾಕ್ಷ್ಯವಾಗಿ ಸ್ವೀಕರಿಸಲು ಕಾನೂನಿನಲ್ಲಿ ಅವಕಾಶವಿದೆ. ನ್ಯಾಯಾಲಯ ಬಯಸಿದರೆ ತಜ್ಞರನ್ನು ಕರೆಸಬಹುದು. ಪಾಟಿಸವಾಲು ಮುಖ್ಯವೆನಿಸಿದರೆ ಕರೆಸುವಂತೆ ವಕೀಲರ ಮೂಲಕ ಸಕಾಲದಲ್ಲಿ ಅರ್ಜಿ ಸಲ್ಲಿಸಬೇಕು. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನುಡಿದಾಗ, ಅವನಿಗೆ ತಿಳಿಯುವ ಭಾಷೆಯಲ್ಲಿ ತೆರೆದ ನ್ಯಾಯಾಲಯದಲ್ಲಿಯೇ ಅದನ್ನು ವಿವರಿಸಬೇಕೆಂಬ ನಿಯಮ ಹಳೆಯ ಸಂಹಿತೆಯ ಕಲಂ 279ರಲ್ಲಿತ್ತು, ಹೊಸದರಲ್ಲಿಯೂ ಮುಂದುವರಿದಿದೆ. ಕನ್ನಡದಲ್ಲಿ ಸಾಕ್ಷಿ ನುಡಿದವರು, ಬೇರೆ ಭಾಷೆಯಲ್ಲಿ ಬರೆದುಕೊಂಡ ತಮ್ಮ ಹೇಳಿಕೆಯನ್ನು ತಮಗೆ ತಿಳಿಯುವಂತೆ ಓದಿ ಹೇಳಬೇಕೆಂದು ಕೇಳಬಹುದು. "ಹೊಂದಿಕೊಳ್ಳುತ್ತದೆ", "ಅಲ್ಲವೆನ್ನಲಾಗದು", "ಅದೇ ಆಗಿದೆ" ಎಂಬ ಮೂರು ಮಾತುಗಳ ನಡುವಿನ ಅಂತರ ಅನುವಾದದಲ್ಲಿ ಕಳೆದುಹೋಗುವುದು ಬಹು ಸುಲಭ. ವಕೀಲರನ್ನು ನೇಮಿಸಿಕೊಳ್ಳಲು ಆಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ. ಅರ್ಜಿಯಲ್ಲಿಯೇ "ನಮ್ಮ ಮಾತೃಭಾಷೆ ಕನ್ನಡ, ದುಭಾಷಿ ಬೇಕು" ಎಂಬ ಸಾಲನ್ನೂ ಬರೆಯಿರಿ.