ಕ್ಷಯಕ್ಕೆ ಕೊಲೆಸ್ಟರಾಲಿನ ಮಾತ್ರೆಯೇ?

ಕಲಾ ವಿಭಾಗದ ವಿದ್ಯಾರ್ಥಿಗೆ ವೈದ್ಯದ ಗೊಡವೆ ಏಕೆಂದು ಮಿತ್ರರು ಕೇಳಬಹುದು. ಕೃಷ್ಣರಾಜಪುರದ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದ್ದರಿಂದ ಔಷಧದ ಚೀಟಿ ಓದುವ ಹೊಣೆಯೂ ನನ್ನದೇ. ಕಳೆದ ವರ್ಷ ನಮ್ಮ ತಂದೆಯವರಿಗೆ ಶ್ವಾಸಕೋಶದ ಕ್ಷಯ ತಗುಲಿತು. ಕೊಲೆಸ್ಟರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಮಾತ್ರೆಯನ್ನು ಅವರು ಮೊದಲಿನಿಂದಲೂ ನುಂಗುತ್ತಿದ್ದರು. ಚಿಕಿತ್ಸೆ ತೊಡಗಿ ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ನಿಂತಿತು. ಆಗ ನೆರೆಮನೆಯವರೊಬ್ಬರು, “ಕೊಲೆಸ್ಟರಾಲ್ ಮಾತ್ರೆಯೇ ಕ್ಷಯವನ್ನೂ ಕೊಲ್ಲುತ್ತದಂತೆ” ಎಂದರು. “ಹಾಗಾದರೆ ಈ ಹೊಟ್ಟೆ ತೊಳಸುವ ಮಾತ್ರೆಗಳನ್ನು ಬಿಟ್ಟುಬಿಡಲೇನಪ್ಪ?” ಎಂದು ತಂದೆ ನನ್ನನ್ನು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಅನಂತರ ಹುಡುಕಿ ತಿಳಿದುದನ್ನು ಇಲ್ಲಿ ಅರಿಕೆಮಾಡುತ್ತೇನೆ.

ನೆರೆಯವರ ಮಾತಿಗೆ ಆಧಾರವಿಲ್ಲದಿಲ್ಲ. ರೋಗಾಣುಗಳನ್ನು ನುಂಗಲೆಂದೇ ನಮ್ಮ ದೇಹದಲ್ಲಿರುವ ಭಕ್ಷಕ ಕಣಗಳೊಳಗೇ ಕ್ಷಯದ ಅಣು ಬಿಡಾರ ಹೂಡುತ್ತದೆ. ಅಲ್ಲಿ ಅದು ನಮ್ಮ ಕೊಲೆಸ್ಟರಾಲನ್ನೇ ಉಂಡು ಬಾಳುತ್ತದೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಸ್ಟಾಟಿನ್ ಎಂಬ ಔಷಧಗಳು ದೇಹದಲ್ಲಿ ಕೊಲೆಸ್ಟರಾಲ್ ತಯಾರಾಗುವುದನ್ನು ತಡೆಯುತ್ತವೆ. ಈ ವರ್ಗದ ಮೊದಲ ವಸ್ತುವನ್ನು 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಬೂಷ್ಟಿನಿಂದ ತೆಗೆದರು. ಕಳ್ಳನಿಗೆ ಊಟ ತಪ್ಪಿದರೆ ಅವನು ಸೊರಗಬೇಕಷ್ಟೆ. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ಟಾಟಿನ್ ಕೊಟ್ಟ ಇಲಿಗಳ ಶ್ವಾಸಕೋಶದಲ್ಲಿ ರೋಗಾಣುಗಳು ಕಡಿಮೆಯಾದದ್ದೂ ನಿಜ.

ಆದರೆ ಇಲಿಗೆ ಒಗ್ಗಿದ್ದು ಮನುಷ್ಯನಿಗೆ ಒಗ್ಗಲೇಬೇಕೆಂದಿಲ್ಲ. ಫಿಲಿಪ್ಪೀನ್ಸ್, ವಿಯೆಟ್ನಾಂ, ಉಗಾಂಡಾಗಳಲ್ಲಿ ಕ್ಷಯರೋಗಿಗಳಿಗೆ ವಾಡಿಕೆಯ ಔಷಧದ ಜೊತೆಗೆ 8 ವಾರ ರೊಸುವಾಸ್ಟಾಟಿನ್ ಕೊಟ್ಟು ನೋಡಿದರು. ಕಫ ಬೇಗ ಶುದ್ಧವಾಗಲಿಲ್ಲವೆಂದು 2023ರಲ್ಲಿ ವರದಿಯಾಯಿತು. ನೈಜೀರಿಯಾದಲ್ಲಿ ಅಟೊರ್ವಾಸ್ಟಾಟಿನ್ ಕೊಟ್ಟ ಸಣ್ಣ ಪರೀಕ್ಷೆಯೊಂದು ಮಾತ್ರ ಆಸೆ ಹುಟ್ಟಿಸಿದೆ. ಈ ಎರಡೂ ಕಡೆ ಸ್ಟಾಟಿನ್ ಕೊಟ್ಟದ್ದು ಕ್ಷಯದ ಔಷಧದ ಜೊತೆಗೇ ಹೊರತು ಅದರ ಬದಲಾಗಿ ಅಲ್ಲ. ಇದಲ್ಲದೆ, ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್ ಅಟೊರ್ವಾಸ್ಟಾಟಿನನ್ನು ದೇಹದಿಂದ ಬೇಗ ಹೊರಹಾಕಿಸುತ್ತದೆ. ಆದ್ದರಿಂದ ಎರಡನ್ನೂ ನುಂಗುವವರು ವೈದ್ಯರಿಗೆ ಅದನ್ನು ಹೇಳಲೇಬೇಕು.

ನಮ್ಮ ಬೆಂಗಳೂರಿಗೂ ಈ ರೋಗದ ವಿರುದ್ಧದ ಹೋರಾಟಕ್ಕೂ ಹಳೆಯ ನಂಟು. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾದದ್ದು ಇಲ್ಲಿಯೇ. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮಕ್ಕೆ ತಳಹದಿ ಹಾಕಿದ್ದೂ ಅದೇ. ರೋಗಿ ಮನೆಯಲ್ಲಿದ್ದುಕೊಂಡೇ ತಪ್ಪದೆ ಮಾತ್ರೆ ನುಂಗಿದರೆ ಗುಣವಾಗಬಹುದೆಂಬುದು ಆ ಕಾಲದ ದೊಡ್ಡ ಪಾಠ. ಔಷಧಕ್ಕೆ ಮಣಿಯುವ ಸಾಮಾನ್ಯ ಕ್ಷಯಕ್ಕೆ ಇಂದು ಆರು ತಿಂಗಳ ಚಿಕಿತ್ಸೆ ಉಂಟು. ಕೆಮ್ಮು ನಿಂತಿತೆಂದು ನಡುವೆ ಬಿಟ್ಟರೆ ಉಳಿದ ಅಣುಗಳು ಮತ್ತೆ ತಲೆಯೆತ್ತುತ್ತವೆ. ಔಷಧಕ್ಕೆ ಬಗ್ಗದಂತೆಯೂ ಆಗಬಹುದು.

“ಅಪ್ಪ, ಬಿಡುವುದು ಬೇಡ, ಎರಡು ಮಾತ್ರೆಗಳನ್ನೂ ಡಾಕ್ಟರಿಗೆ ತೋರಿಸೋಣ” ಎಂದೆ. ತೋರಿಸಿದೆವು. ತಂದೆ ಆರು ತಿಂಗಳನ್ನೂ ಮುಗಿಸಿದರು. ನೆರೆಯವರು ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ಉಳಿದರ್ಧವನ್ನು ಹುಡುಕಿ ಮನೆಗೆ ಮುಟ್ಟಿಸುವುದು ಓದಿದವರ ಕೆಲಸವೆಂದು ನನಗೆ ತೋರುತ್ತದೆ.