ನಾಣ್ಯಗಳ ಆಟ ಕಲಿಸುವ ಪಾಠ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಕೆಲವು ಮನೆಗಳ ಊಟದ ಮೇಜಿನ ಸುತ್ತ ಎರಡು ಬಗೆಯ ದುಡಿಮೆಗಳು ಎದುರುಬದುರಾಗಿ ಕುಳಿತಿರುತ್ತವೆ. ತಂದೆ ಕಾರ್ಖಾನೆಯಿಂದ ನಿವೃತ್ತರು; ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯ ಉದ್ಯೋಗಿ. ರಜೆಗೆ ಬಂದ ಮಗಳು, "ಅಪ್ಪಾ, ಆಫೀಸಿನಲ್ಲಿ ನಮ್ಮ ತಂಡಕ್ಕೆ ಆಟ ಆಡಿಸಿದರು" ಎಂದರೆ, "ಆಟ ಆಡುವುದಕ್ಕೂ ಸಂಬಳವೇ?" ಎಂದು ತಂದೆ ಕೇಳುವುದು ಸಹಜ. ಪ್ರಶ್ನೆ ಸಾಧುವಾದುದೇ. ಉತ್ತರವನ್ನು ಸಾವಧಾನವಾಗಿ ವಿಚಾರಿಸೋಣ.

1923ರಲ್ಲಿ ಉತ್ಪಾದನೆ ಆರಂಭಿಸಿದ ನಮ್ಮೂರಿನ ಕಬ್ಬಿಣದ ಕಾರ್ಖಾನೆಯಲ್ಲಿ ಅದಿರು ಕುಲುಮೆ ಸೇರಿ ಕಬ್ಬಿಣವಾಗಿ ಹೊರಬರುವ ಕ್ರಮ ಮೊದಲೇ ನಿಶ್ಚಿತವಾಗಿತ್ತು. ಸಾಫ್ಟ್‌ವೇರಿನ ಕೆಲಸ ಹಾಗಲ್ಲ. ಗ್ರಾಹಕನಿಗೆ ಬೇಕಾದುದು ಏನೆಂಬುದು ಕೆಲಸದ ನಡುವೆಯೇ ಬದಲಾಗುತ್ತದೆ. ಆದುದರಿಂದ 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಸಭೆ ಸೇರಿದ 17 ಮಂದಿ ತಜ್ಞರು 'ಅಜೈಲ್' ಎಂಬ ಕಾರ್ಯವಿಧಾನದ ತತ್ತ್ವಗಳನ್ನು ಪ್ರಕಟಿಸಿದರು. ಕೆಲಸವನ್ನು ಸಣ್ಣ ಭಾಗಗಳಾಗಿ ಮುಗಿಸಿ, ಆಗಾಗ ಗ್ರಾಹಕನಿಗೆ ತೋರಿಸಿ ತಿದ್ದಿಕೊಳ್ಳುವುದು ಅದರ ಸಾರ. ತಂಡವು ಕಾಲಕಾಲಕ್ಕೆ ನಿಂತು ತನ್ನ ನಡೆಯನ್ನೇ ಪರಾಮರ್ಶಿಸಿಕೊಳ್ಳಬೇಕೆಂಬುದೂ ಆ ತತ್ತ್ವಗಳಲ್ಲಿ ಒಂದು. ಆಟಕ್ಕೆ ಸ್ಥಾನ ದೊರೆಯುವುದು ಇಲ್ಲಿಯೇ.

ಇಂತಹ ತಂಡಗಳಲ್ಲಿ ಬಹುಪರಿಚಿತವಾದ ನಾಣ್ಯಗಳ ಆಟವನ್ನೇ ನೋಡಿ. ನಾಲ್ವರು ಸಾಲಾಗಿ ಕುಳಿತಿದ್ದಾರೆ. ಮೊದಲನೆಯವರ ಮುಂದೆ 20 ನಾಣ್ಯಗಳಿವೆ. ಅವರು ಎಲ್ಲವನ್ನೂ ಒಂದೊಂದಾಗಿ ಮಗುಚಿ, ಇಡೀ ರಾಶಿಯನ್ನು ಪಕ್ಕದವರಿಗೆ ಸರಿಸುತ್ತಾರೆ. ಒಂದು ನಾಣ್ಯಕ್ಕೆ ಒಂದು ಸೆಕೆಂಡ್ ಎಂದಿಟ್ಟುಕೊಂಡರೆ, ನಾಲ್ವರ ಕೈದಾಟಿ ರಾಶಿ ಗ್ರಾಹಕನನ್ನು ತಲುಪಲು 80 ಸೆಕೆಂಡ್ ಬೇಕು. ಎರಡನೆಯ ಸುತ್ತಿನಲ್ಲಿ ರಾಶಿಗೆ ಕಾಯದೆ, ಮಗುಚಿದ ಪ್ರತಿಯೊಂದು ನಾಣ್ಯವನ್ನೂ ಕೂಡಲೇ ಮುಂದಕ್ಕೆ ಕೊಡಬೇಕು. ಆಗ ಮೊದಲ ನಾಣ್ಯ 4 ಸೆಕೆಂಡಿನಲ್ಲಿ ಗ್ರಾಹಕನ ಕೈಸೇರುತ್ತದೆ. 23 ಸೆಕೆಂಡಿನಲ್ಲಿ ಕೆಲಸವೆಲ್ಲ ಮುಗಿಯುತ್ತದೆ. ಯಾರೂ ಹೆಚ್ಚು ಅವಸರಪಡಲಿಲ್ಲ. ಪ್ರತಿಯೊಬ್ಬರೂ ಮಗುಚಿದ್ದು ಅವೇ 20 ನಾಣ್ಯಗಳನ್ನು.

ಈಗ ಮೊದಲ ಸುತ್ತಿನ ನಾಲ್ಕನೆಯ ವ್ಯಕ್ತಿಯನ್ನು ಸ್ಮರಿಸಿಕೊಳ್ಳಿ. ಅವರು 60 ಸೆಕೆಂಡ್ ಕೈಕಟ್ಟಿ ಕುಳಿತಿದ್ದರು. ದೂರದಿಂದ ನೋಡಿದವರು ಅವರನ್ನು ಸೋಮಾರಿ ಎನ್ನದೆ ಇರುತ್ತಿರಲಿಲ್ಲ. ಆದರೆ ದೋಷವಿದ್ದುದು ವ್ಯಕ್ತಿಯಲ್ಲಲ್ಲ, ವ್ಯವಸ್ಥೆಯಲ್ಲಿ. ಕಚೇರಿಯಲ್ಲಿ ಕೆಲಸ ತಡವಾದಾಗ ನಮ್ಮ ಮೊದಲ ಪ್ರಶ್ನೆ "ತಪ್ಪು ಯಾರದು?" ಎಂಬುದು. ಆ ಪ್ರಶ್ನೆಗೆ ಅಂಜಿ ಕಿರಿಯರು ತಮಗೆ ಕಂಡ ತೊಡಕನ್ನು ಹೇಳದೆ ನುಂಗಿಕೊಳ್ಳುತ್ತಾರೆ. ಆಟದಲ್ಲಿ ಯಾರ ಮಾನವೂ ಪಣಕ್ಕಿಲ್ಲ. ಆದುದರಿಂದಲೇ ಸತ್ಯ ಸುಲಭವಾಗಿ ಬಾಯಿಗೆ ಬರುತ್ತದೆ. ನೌಕರಿಗೆ ಸೇರಿ ಮೂರು ತಿಂಗಳಾದ ಹುಡುಗಿಯೂ "ನಾನು ರಾಶಿಗಾಗಿ ಕಾಯುತ್ತಿದ್ದೆ, ಸರ್" ಎಂದು ನಿರ್ಭಯವಾಗಿ ನುಡಿಯಬಲ್ಲಳು.

ಆದರೆ ಒಂದು ಎಚ್ಚರಿಕೆ ಅಗತ್ಯ. ಹದಿಮೂರನೆಯ ಶತಮಾನದ ತತ್ತ್ವಜ್ಞಾನಿ ಸಂತ ತೋಮಸ್ ಅಕ್ವಿನಾಸರು ವಿನೋದದಲ್ಲಿಯೂ ಒಂದು ಸದ್ಗುಣವನ್ನು ಕಂಡವರು. ದಣಿದ ಮನಸ್ಸಿಗೆ ಆಟವೇ ವಿಶ್ರಾಂತಿ ಎಂದ ಅವರು, ಅದು ಪರರನ್ನು ನೋಯಿಸಬಾರದು, ವ್ಯಕ್ತಿಗೂ ಸ್ಥಳಕಾಲಗಳಿಗೂ ಒಪ್ಪುವಂತಿರಬೇಕು ಎಂಬ ಮಿತಿಯನ್ನೂ ವಿಧಿಸಿದರು. ಸಂಕೋಚದ ಸ್ವಭಾವದವರನ್ನು ಬಲವಂತವಾಗಿ ನಡುವೆ ನಿಲ್ಲಿಸಿ ನಗೆಪಾಟಲು ಮಾಡುವ ಆಟ ತಂಡವನ್ನು ಕಟ್ಟುವುದಿಲ್ಲ, ಒಡೆಯುತ್ತದೆ. ಆಟದ ಬಳಿಕ ಕೂಡಿ ಕುಳಿತು "ಏನು ಕಂಡೆವು? ಏಕೆ ಹೀಗಾಯಿತು? ನಾಳೆಯಿಂದ ಯಾವುದನ್ನು ಬದಲಿಸೋಣ?" ಎಂದು ಮಾತನಾಡದಿದ್ದರೆ ಅದು ಬರಿಯ ಕಾಲಹರಣ. ಮಾತನಾಡಿಯೂ ಮೇಲಧಿಕಾರಿ ಕಿವಿಗೊಡದಿದ್ದರೆ ಅದು ವಂಚನೆಯೇ ಸರಿ.

ಆದುದರಿಂದ ಆ ತಂದೆಗೆ ನಾವು ಹೀಗೆ ಉತ್ತರಿಸಬಹುದು: ಸಂಬಳ ಆಟಕ್ಕಲ್ಲ, ಆಟದಿಂದ ಕಂಡ ಸತ್ಯವನ್ನು ಕೆಲಸಕ್ಕೆ ತರುವುದಕ್ಕೆ. ಈ ಭಾನುವಾರದ ಊಟದ ಬಳಿಕ ನಿಮ್ಮ ಮನೆಯ ಮೇಜಿನ ಮೇಲೂ 20 ನಾಣ್ಯಗಳನ್ನಿಟ್ಟು ನೋಡಿ. ಮನೆಯೂ ಒಂದು ತಂಡವಲ್ಲವೇ? ಅಲ್ಲಿಯೂ ಸೋಮಾರಿ ಎನಿಸಿಕೊಂಡ ಒಬ್ಬರು, ಬಹುಶಃ ತಮ್ಮ ಪಾಲಿನ ನಾಣ್ಯಕ್ಕಾಗಿ ಕಾಯುತ್ತಾ ಕುಳಿತಿರಬಹುದು.