ಅರಳುಮರಳೇ? ಅಥವಾ ಮದ್ಯದ ಮರೆವೇ?

ಅರವತ್ತಕ್ಕೆ ಅರಳುಮರಳು ಎಂಬುದು ನಮ್ಮಲ್ಲಿ ಬಹಳ ಹಳೆಯ ಮಾತು. ಮನೆಯ ಹಿರಿಯರು ಇಟ್ಟ ವಸ್ತು ಮರೆತರೆ, ಹೇಳಿದ್ದನ್ನೇ ಮತ್ತೆ ಹೇಳಿದರೆ, ಸಣ್ಣ ವಿಷಯಕ್ಕೂ ರೇಗಿದರೆ ಈ ಗಾದೆಯನ್ನು ನೆನೆದು ಸುಮ್ಮನಾಗುತ್ತೇವೆ. ಆದರೆ ಆ ಹಿರಿಯರು ಇಪ್ಪತ್ತು, ಮೂವತ್ತು ವರ್ಷಗಳಿಂದ ದಿನವೂ ಕುಡಿಯುತ್ತಿದ್ದರೆ ಗಾದೆಯನ್ನು ಅಷ್ಟು ಸುಲಭವಾಗಿ ನಂಬಬೇಡಿ. ಅವರ ಮರೆವು ವಯಸ್ಸಿನದಲ್ಲದೆ ಇರಬಹುದು. ಅದರಲ್ಲಿ ಒಂದು ಪಾಲನ್ನು ತಡೆಯಬಹುದು, ಬೇಗ ಗುರುತಿಸಿದರೆ ವಾಸಿಯನ್ನೂ ಮಾಡಬಹುದು.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸೊರಬ ತಾಲ್ಲೂಕಿನ ಉಳವಿಯಂಥ ಊರುಗಳಲ್ಲೂ, ಪಕ್ಕದ ಶಿಕಾರಿಪುರದ ಹಳ್ಳಿಗಳಲ್ಲೂ ಪ್ಯಾಕೆಟ್ ಸಾರಾಯಿ ಕಂಡವರು ಇನ್ನೂ ಇದ್ದಾರೆ. ಗದ್ದೆ, ತೋಟದ ದುಡಿಮೆ ಮುಗಿದ ಮೇಲೆ ಮೈಕೈ ನೋವಿಗೆಂದು ಕುಡಿತ ಕಲಿತ ಅನೇಕರು ಪ್ಯಾಕೆಟ್ ನಿಂತಾಗ ಕುಡಿತವನ್ನೂ ನಿಲ್ಲಿಸಲಿಲ್ಲ. ಅಗ್ಗದ ವಿಸ್ಕಿ, ರಮ್, ಬ್ರಾಂದಿಯ ಕಡೆಗೆ ಹೊರಳಿದರು. ಆಗ ನಲವತ್ತು ದಾಟಿದ್ದವರು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ಅಷ್ಟು ವರ್ಷಗಳ ಕುಡಿತದ ಲೆಕ್ಕವನ್ನು ಮೆದುಳು ಒಪ್ಪಿಸುವ ವಯಸ್ಸು ಇದು.

ಅದೇ ಕ್ವಾರ್ಟರ್, ಹೆಚ್ಚು ಹಾನಿ

"ಮೂವತ್ತು ವರ್ಷದಿಂದ ಇಷ್ಟೇ ಕುಡಿಯುತ್ತಿದ್ದೇನೆ, ಈಗೇನು ಹೊಸದಾಗಿ ಆಗುತ್ತದೆ?" ಎಂದು ಹಿರಿಯರು ಕೇಳುತ್ತಾರೆ. ಕುಡಿಯುವ ಅಳತೆ ಬದಲಾಗಿರಲಿಕ್ಕಿಲ್ಲ, ಆದರೆ ದೇಹ ಬದಲಾಗಿದೆ. ವಯಸ್ಸಾದಂತೆ ದೇಹದಲ್ಲಿ ನೀರಿನ ಅಂಶ ಕಡಿಮೆಯಾಗುತ್ತದೆ. ಮದ್ಯಸಾರ ಬೆರೆಯುವುದು ನೀರಿನಲ್ಲಿ. ಆದ್ದರಿಂದ ಅಷ್ಟೇ ಕುಡಿದರೂ ರಕ್ತದಲ್ಲಿ ಅದರ ಪ್ರಮಾಣ ಹೆಚ್ಚಾಗುತ್ತದೆ. ಹೆಂಗಸರ ದೇಹದಲ್ಲಿ ನೀರಿನ ಅಂಶ ಮೊದಲೇ ಕಡಿಮೆ ಇರುವುದರಿಂದ ಅವರಿಗೆ ಹಾನಿ ಇನ್ನೂ ಬೇಗ. ಜೊತೆಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ನಿದ್ರೆಯ ಮಾತ್ರೆಗಳೂ ಸೇರಿಕೊಂಡಿರುತ್ತವೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. 180 ಮಿ.ಲೀ.ನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ದಿನಕ್ಕೊಂದರಂತೆ ವಾರಕ್ಕೆ 420 ಗ್ರಾಂ. ಬುದ್ಧಿಮಾಂದ್ಯದ, ಅಂದರೆ ಡಿಮೆನ್ಷಿಯಾದ ಬಗ್ಗೆ ಲ್ಯಾನ್ಸೆಟ್ ವೈದ್ಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗವು ವಾರಕ್ಕೆ 168 ಗ್ರಾಂ ಮೀರಿದ ಕುಡಿತವನ್ನು ಈ ಕಾಯಿಲೆಯ ಅಪಾಯ ಹೆಚ್ಚಿಸುವ ಕಾರಣಗಳ ಪಟ್ಟಿಗೆ 2020ರಲ್ಲಿ ಸೇರಿಸಿತು. ನಮ್ಮ ಲೆಕ್ಕ ಅದರ ಎರಡೂವರೆ ಪಟ್ಟು. ಹಾಗೆಂದು 168 ಗ್ರಾಂ ಒಳಗಿದ್ದರೆ ಕ್ಷೇಮವೆಂದು ಅರ್ಥವಲ್ಲ. ಆರೋಗ್ಯಕ್ಕೆ ಹಾನಿ ಇಲ್ಲದ ಕುಡಿತದ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಫ್ರಾನ್ಸಿನಲ್ಲಿ 65 ವರ್ಷಕ್ಕೆ ಮೊದಲೇ ಬುದ್ಧಿಮಾಂದ್ಯ ಬಂದ ಸುಮಾರು 57 ಸಾವಿರ ಜನರ ಆಸ್ಪತ್ರೆ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮದ್ಯದ ನಂಟಿತ್ತು.

ಮೆದುಳಿನಲ್ಲಿ ಆಗುವುದೇನು?

ಅತಿಯಾದ ಕುಡಿತದಿಂದ ಮೆದುಳು ವಯಸ್ಸಿಗೆ ಮೀರಿ ಕುಗ್ಗುತ್ತದೆ. ಹಣೆಯ ಹಿಂದಿನ ಭಾಗ ಸೊರಗಿದರೆ ವಿವೇಚನೆ, ತಾಳ್ಮೆ ಕಡಿಮೆಯಾಗುತ್ತವೆ. ಲೆಕ್ಕದಲ್ಲಿ ಗಟ್ಟಿಗರಾಗಿದ್ದವರು ಸಾಲದ ಮೇಲೆ ಸಾಲ ಮಾಡುತ್ತಾರೆ, ಯಾರೋ ಚಾಚಿದ ಕಾಗದಕ್ಕೆ ಸಹಿ ಹಾಕಿ ಬರುತ್ತಾರೆ. ಕಿರುಮೆದುಳು ಸೊರಗಿದರೆ ನಡಿಗೆ ಕೆಡುತ್ತದೆ. ಕುಡಿಯದ ಹೊತ್ತಿನಲ್ಲೂ ಕಾಲು ಅಗಲಿಸಿ ನಡೆಯುತ್ತಾರೆ, ತೋಟದ ಕಾಲುಸಂಕ ದಾಟಲು ಹೆದರುತ್ತಾರೆ.

ಎಲ್ಲಕ್ಕಿಂತ ತುರ್ತಿನದು ಬಿ1 ಜೀವಸತ್ವದ ಕೊರತೆ. ಇದಕ್ಕೆ ಥಯಮಿನ್ ಎಂದು ಹೆಸರು. ಮೆದುಳು ಸಕ್ಕರೆಯನ್ನು ಶಕ್ತಿಯಾಗಿ ಮಾರ್ಪಡಿಸಿಕೊಳ್ಳಲು ಇದು ಬೇಕೇ ಬೇಕು. ದೇಹದಲ್ಲಿ ಇದರ ದಾಸ್ತಾನು ಎರಡು ಮೂರು ವಾರಗಳಿಗೆ ಸಾಲುವಷ್ಟು ಮಾತ್ರ. ಕುಡಿಯುವವರು ರಾತ್ರಿ ಊಟ ಬಿಡುತ್ತಾರೆ. ತಿಂದದ್ದರಲ್ಲಿರುವ ಥಯಮಿನ್ ಕರುಳಿನಿಂದ ರಕ್ತಕ್ಕೆ ಸೇರದಂತೆ ಮದ್ಯ ತಡೆಯುತ್ತದೆ. ನಮ್ಮ ಮುಖ್ಯ ಆಹಾರವಾದ ಅನ್ನದ ಕಥೆಯೂ ಬೇರೆಯಲ್ಲ. ಮಿಲ್ಲಿನಲ್ಲಿ ಚೆನ್ನಾಗಿ ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಈ ಜೀವಸತ್ವ ತೌಡಿನ ಜೊತೆ ಹೊರಟುಹೋಗಿರುತ್ತದೆ. ಮತ್ತೆ ಮತ್ತೆ ತೊಳೆದು, ಬೆಂದ ಗಂಜಿಯನ್ನು ಬಸಿದು ಚೆಲ್ಲಿದರೆ ಉಳಿದದ್ದೂ ಹೋಗುತ್ತದೆ. ಕುಚ್ಚಲಕ್ಕಿ ಈ ವಿಷಯದಲ್ಲಿ ಮೇಲು. ಭತ್ತವನ್ನು ಬೇಯಿಸುವಾಗಲೇ ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ.

ಥಯಮಿನ್ ತೀರಾ ಬರಿದಾದಾಗ ಗೊಂದಲ, ಕಣ್ಣುಗುಡ್ಡೆಯ ಚಲನೆಯಲ್ಲಿ ದೋಷ, ತೂರಾಟ ಕಾಣಿಸುತ್ತವೆ. ಜರ್ಮನಿಯ ವೈದ್ಯ ವೆರ್ನಿಕೆ ಇದನ್ನು 1881ರಲ್ಲೇ ವಿವರಿಸಿದ್ದ. ಮೂರೂ ಲಕ್ಷಣಗಳು ಒಟ್ಟಿಗೆ ಕಾಣಬೇಕೆಂದಿಲ್ಲ. ಒಂದೇ ಕಂಡರೂ ಆಸ್ಪತ್ರೆಗೆ ಹೊರಡಬೇಕು. ಆಗಲೇ ರಕ್ತನಾಳದ ಮೂಲಕ ಥಯಮಿನ್ ಕೊಟ್ಟರೆ ಮನುಷ್ಯ ಚೇತರಿಸಿಕೊಳ್ಳಬಹುದು. ತಡವಾದರೆ ಪ್ರಾಣಾಪಾಯ, ಇಲ್ಲವೇ ಮಾಸದ ಮರೆವು. ಈ ಮರೆವಿಗೆ ರಷ್ಯದ ವೈದ್ಯ ಕೊರ್ಸಕಾಫ್‌ನ ಹೆಸರಿದೆ. ಇದು ಬಂದವರಿಗೆ ಹಳೆಯದೆಲ್ಲ ನೆನಪಿರಬಹುದು, ಹೊಸದು ನಿಲ್ಲುವುದಿಲ್ಲ. ಬೆಳಿಗ್ಗೆ ತಿಂಡಿ ಏನು ತಿಂದಿರಿ ಎಂದು ಕೇಳಿದರೆ, ಮನೆ ಬಿಟ್ಟು ಹೋಗದವರು ಶಿಕಾರಿಪುರದ ಸಂತೆಗೆ ಹೋಗಿದ್ದೆ ಎಂದು ವಿವರವಾಗಿ ಹೇಳಬಹುದು. ಅದು ಸುಳ್ಳಲ್ಲ. ನೆನಪಿನ ಖಾಲಿ ಜಾಗವನ್ನು ಮೆದುಳು ತನ್ನಷ್ಟಕ್ಕೆ ಕಥೆಯಿಂದ ತುಂಬಿಸಿಕೊಳ್ಳುತ್ತಿರುತ್ತದೆ. ಬೈದು ಪ್ರಯೋಜನವಿಲ್ಲ.

"ಒಂದು ಗ್ಲೂಕೋಸ್ ಹಾಕಿಬಿಡಿ"

ಸುಸ್ತಾಗಿ ಮಲಗಿದವರನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು "ಒಂದು ಬಾಟ್ಲಿ ಗ್ಲೂಕೋಸ್ ಹಾಕಿ ಡಾಕ್ಟ್ರೇ" ಎಂದು ಕೇಳುವುದು ನಮ್ಮಲ್ಲಿ ಸಾಮಾನ್ಯ. ಥಯಮಿನ್ ಬರಿದಾದ ದೇಹಕ್ಕೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರುಪಾರು ಥಯಮಿನ್ ಕೂಡ ಖರ್ಚಾಗಿ ಮೆದುಳಿನ ಸ್ಥಿತಿ ಬಿಗಡಾಯಿಸಬಹುದು. ಆದ್ದರಿಂದ ನಾಚಿಕೆ ಬಿಟ್ಟು ಮೊದಲೇ ಹೇಳಿ: "ಇವರು ಇಷ್ಟು ವರ್ಷದಿಂದ, ದಿನಕ್ಕೆ ಇಷ್ಟು ಕುಡಿಯುತ್ತಾರೆ. ಊಟ ಸರಿಯಾಗಿ ಮಾಡುತ್ತಿಲ್ಲ." ಈ ಎರಡು ಮಾತು ಕೇಳಿದರೆ ವೈದ್ಯರು ಥಯಮಿನ್ ಕೊಡುವ ಬಗ್ಗೆ ಯೋಚಿಸುತ್ತಾರೆ. ಮನೆಯ ಮರ್ಯಾದೆಗೆಂದು ಮುಚ್ಚಿಟ್ಟರೆ ನಷ್ಟ ನಿಮ್ಮದೇ.

ಇನ್ನೊಂದು ಎಚ್ಚರಿಕೆ. ಕುಗ್ಗಿದ ಮೆದುಳಿಗೂ ತಲೆಬುರುಡೆಗೂ ನಡುವಿನ ರಕ್ತನಾಳಗಳು ಎಳೆದುಕೊಂಡಿರುತ್ತವೆ. ಜಾರಿ ಬಿದ್ದ ಸಣ್ಣ ಪೆಟ್ಟಿಗೂ ಅವು ಒಡೆದು ರಕ್ತ ನಿಧಾನವಾಗಿ ಸೋರಬಹುದು. ಬಿದ್ದ ಕೆಲವು ವಾರಗಳ ನಂತರ ತಲೆನೋವು, ಮಂಪರು, ಒಂದು ಕಡೆಯ ಕೈಕಾಲು ನಿಶ್ಶಕ್ತಿ ಕಂಡರೆ "ಕುಡಿದಿದ್ದಾನೆ, ಮಲಗಲಿ" ಎನ್ನಬೇಡಿ. ತಲೆಯ ಸ್ಕ್ಯಾನ್ ಮಾಡಿಸಬೇಕು.

ಏಕಾಏಕಿ ಬಿಡಿಸಬೇಡಿ

ಕುಡಿತ ಬಿಡಬೇಕು, ನಿಜ. ಆದರೆ ದಿನವೂ ಅತಿಯಾಗಿ ಕುಡಿಯುವ ಹಿರಿಯರು ಒಂದೇ ದಿನ ನಿಲ್ಲಿಸುವುದು ಅಪಾಯ. ಅಯ್ಯಪ್ಪನ ಮಾಲೆ ಹಾಕಲೆಂದೋ ಹರಕೆ ಹೊತ್ತೋ ಥಟ್ಟನೆ ಬಿಡುವವರಿದ್ದಾರೆ. ಸಂಕಲ್ಪ ಒಳ್ಳೆಯದೇ. ಆದರೆ ಬಿಟ್ಟ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ ಹುಳುಹುಪ್ಪಟೆ ಕಾಣುವುದು, ಯಾರೋ ಕರೆದಂತೆ ಕೇಳುವುದು, ದಿಕ್ಕೆಟ್ಟು ಓಡುವುದು ಆಗಬಹುದು. ಇದು ಗಾಳಿ ಸೋಂಕಲ್ಲ. ಮಂತ್ರಿಸುವವರ ಬಳಿ ಸಮಯ ಕಳೆಯದೆ ಆಸ್ಪತ್ರೆಗೆ ಸೇರಿಸಿ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಕ್ಕೆ ಕಳುಹಿಸುವುದಿದ್ದರೂ ಮೊದಲು ವೈದ್ಯರಿಗೆ ತೋರಿಸಿ, ನಡೆಯುತ್ತಿರುವ ಮಾತ್ರೆಗಳ ಚೀಟಿ ಜೊತೆಗಿರಲಿ.

ನೀವು ಮಾಡಬೇಕಾದುದು

* ಮರೆವು ಎಂದಿನಿಂದ ಶುರುವಾಯಿತು, ನಡಿಗೆ ಹೇಗಿದೆ, ಎಷ್ಟು ಸಲ ಬಿದ್ದಿದ್ದಾರೆ ಎಂದು ಬರೆದಿಟ್ಟುಕೊಳ್ಳಿ.
* ಥೈರಾಯ್ಡ್, ಬಿ12 ಕೊರತೆಯಿಂದಲೂ ಮರೆವು ಬರುತ್ತದೆ. ಪರೀಕ್ಷೆ ಮಾಡಿಸಿ.
* ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಕುಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅಮಲು ಎಂದು ತಪ್ಪು ತಿಳಿಯಬೇಡಿ.
* ಹೊತ್ತಿಗೆ ಸರಿಯಾಗಿ ಊಟ ಬಡಿಸಿ. ಬೇಳೆಕಾಳು, ಶೇಂಗಾ, ಎಳ್ಳು ದಿನವೂ ಇರಲಿ. ಆದರೆ ಗೊಂದಲ ಶುರುವಾದ ಮೇಲೆ ಊಟವೊಂದೇ ಸಾಲದು, ಚಿಕಿತ್ಸೆ ಬೇಕು.
* ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುವ ದಿನ ವಿಚಾರಿಸಿ. ಹೆಚ್ಚಿನ ಚಿಕಿತ್ಸೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

"ಈ ವಯಸ್ಸಿನಲ್ಲಿ ಬಿಡಿಸಿ ಏನು ಲಾಭ?" ಎಂದು ಕೇಳುವವರಿಗೆ ಉತ್ತರವಿದೆ. ಕುಡಿತ ಬಿಟ್ಟ ಕೆಲವು ವಾರಗಳಿಂದ ತಿಂಗಳುಗಳಲ್ಲಿ ಕುಗ್ಗಿದ ಮೆದುಳು ಸ್ವಲ್ಪಮಟ್ಟಿಗೆ ತುಂಬಿಕೊಳ್ಳುತ್ತದೆ. ಗಮನ, ನೆನಪು, ನಡಿಗೆ ಸುಧಾರಿಸುತ್ತವೆ. ಸಾಮಾನ್ಯವಾಗಿ ಬುದ್ಧಿಮಾಂದ್ಯ ಮುಂದುವರಿಯುತ್ತಲೇ ಹೋಗುವ ಕಾಯಿಲೆ. ಆದರೆ ಮದ್ಯದಿಂದ ಬಂದದ್ದು ಕುಡಿತ ನಿಂತರೆ ಅನೇಕರಲ್ಲಿ ಅಲ್ಲಿಗೇ ನಿಲ್ಲುತ್ತದೆ. ಎಲ್ಲರಿಗೂ ಪೂರ್ತಿ ವಾಸಿಯಾಗದು, ಆದರೆ ತಮ್ಮ ಸ್ನಾನ, ಊಟ ತಾವೇ ನೋಡಿಕೊಳ್ಳುವಷ್ಟು, ಮೊಮ್ಮಕ್ಕಳ ಹೆಸರು ಹಿಡಿದು ಕರೆಯುವಷ್ಟು ಚೇತರಿಸಿಕೊಂಡರೂ ಆ ಮನೆಗೆ ಅದು ಸಣ್ಣ ಲಾಭವಲ್ಲ. ಅರಳುಮರಳು ಎಂದು ಕೈಬಿಡುವ ಮೊದಲು ಒಮ್ಮೆ ವೈದ್ಯರಿಗೆ ತೋರಿಸಿ.